ಬಿಸಿನೀರಿನ ಡಿಶ್ಶು

ಕುಂಬಾರಕೊಪ್ಪಲಿನಲ್ಲಿ ಕೇಬಲ್ ಮಹದೇವು ಎಂದರೆ ಒಂದು ಕಾಲಕ್ಕೆ ಗತ್ತು. ಮದುವೆ ಮನೆಗೆ ಹೋದರೆ ಮೊದಲ ಪಂಕ್ತಿಗೇ ಕೂರಿಸುತ್ತಿದ್ದರು. ಮ್ಯಾಚಿನ ದಿನ ಸಿಗ್ನಲ್ ಹೋದರೆ ಅದೇ ಜನ ಅವನ ಏಳು ತಲೆಮಾರನ್ನೂ ಬೀದಿಗೆಳೆಯುತ್ತಿದ್ದರು, ಅದು ಬೇರೆ ಮಾತು. ಈಗ ಮನೆಮನೆಗೂ ಇಂಟರ್‌ನೆಟ್ ಟಿವಿ. ಮಹದೇವುಗೆ ಉಳಿದದ್ದು ತಾರಸಿಯ ಮೇಲಿನ ಎಂಟಡಿ ಡಿಶ್ಶು, ಮತ್ತು ಬೇಕಾದಷ್ಟು ಹೊತ್ತು.

ಮನೆ ನಡೆಯುತ್ತಿದ್ದುದು ಹೆಂಡತಿ ಸರೋಜಮ್ಮ ಸ್ಕೂಲಿನಲ್ಲಿ ಬಿಸಿಯೂಟ ಬೇಯಿಸುವುದರಿಂದ. ನಾಲ್ಕು ಗಂಟೆಗೆ ಬಂದು ಊದಿದ ಕಾಲು ಚಾಚಿ ಕೂತುಬಿಡುತ್ತಿದ್ದಳು. ಬೈಯುತ್ತಿರಲಿಲ್ಲ. ಬೈದಿದ್ದರೇ ವಾಸಿಯಿತ್ತು. ಎರಡು ವರ್ಷದಿಂದ ಅವಳು ಗಂಡನನ್ನು ಏನೂ ಕೇಳುತ್ತಿರಲಿಲ್ಲ. ಸುಣ್ಣ ಹೊಡೆಸುವುದಿರಲಿ, ಮಗಳು ಮಾನಸಳ ಓದಿರಲಿ, ಎಲ್ಲ ಅವಳದೇ ತೀರ್ಮಾನ. ಇದು ಮಹದೇವುವನ್ನು ಗೆದ್ದಲಿನಂತೆ ತಿನ್ನುತ್ತಿತ್ತು.

ಡಿಶ್ಶಿಗೆ ಹೊಳೆಯುವ ಶೀಟು ಅಂಟಿಸಿದರೆ ಬಿಸಿಲಿಗೇ ನೀರು ಕಾಯುತ್ತದೆಂದು ದಸರಾ ಮುಗಿದ ಮೇಲೆ ಮೊಬೈಲಿನಲ್ಲಿ ನೋಡಿದ. ವಾರವಿಡೀ ಅಂಟಿಸಿದ. ಭಾನುವಾರ ನಡುಮಧ್ಯಾಹ್ನ ಬೆಳಕೆಲ್ಲ ಕೂಡುವ ಜಾಗದಲ್ಲಿ ಮಸಿ ಹಿಡಿದ ಪಾತ್ರೆ ಇಟ್ಟು ಡಿಶ್ಶನ್ನು ಸೂರ್ಯನ ದಿಕ್ಕಿಗೆ ತಿರುಗಿಸಿದ. ಅರ್ಧ ಗಂಟೆಗೆ ನೀರು ತಕತಕ ಕುದಿಯಿತು.

"ಪರವಾಗಿಲ್ವೇ! ನನ್ ಕಾಲಿಗೆ ಬಿಸಿನೀರಾಯ್ತು ಬುಡಿ," ಎಂದಳು ಸರೋಜಮ್ಮ. ಮೆಟ್ಟಿಲಿಳಿಯುತ್ತಾ ತಿರುಗಿ, "ರೀ, ಮಾನಸಂಗೆ ಮಂಡಕಳ್ಳಿಯಿಂದ ಒಂದು ಸಂಬಂಧ ಬಂದಿದೆ. ಏನ್ ಮಾಡೋಣ?" ಎಂದಳು.

ಮಹದೇವು ಪಂಚೆ ಸರಿಮಾಡಿಕೊಂಡ. "ಯೋಚ್ನೆ ಮಾಡಿ ಹೇಳ್ತೀನಿ," ಎಂದ, ದೊಡ್ಡ ಮನುಷ್ಯನ ಹಾಗೆ.

ಆ ಖುಷಿಯಲ್ಲೇ ವೆಲ್ಡಿಂಗ್ ಸುಂದರೇಶನನ್ನು ಕರೆಸಿ, ಡಿಶ್ಶನ್ನು ಅದೇ ದಿಕ್ಕಿಗೆ ಕಂಬದ ಮೇಲೆ ವೆಲ್ಡ್ ಮಾಡಿಸಿಬಿಟ್ಟ. ಇಪ್ಪತ್ತೈದು ವರ್ಷದ ಕಸುಬು ಕಲಿಸಿದ್ದೇ ಅದು. ದಿಕ್ಕು ಸಿಕ್ಕ ಮೇಲೆ ಅಲುಗಬಾರದು. ಆಷಾಢದ ಗಾಳಿಗೆ ಒಂದು ನೂಲು ಸರಿದರೂ ಇಡೀ ಕೊಪ್ಪಲಿಗೆ ಪಿಕ್ಚರ್ ಇಲ್ಲ. ಸ್ಯಾಟಲೈಟೇನೋ ಕಟ್ಟಿಹಾಕಿದ ಎಮ್ಮೆಯ ಹಾಗೆ ಒಂದೇ ಕಡೆ ಇರುತ್ತದೆ. ಸೂರ್ಯ ಇರುತ್ತಾನೆಯೇ? ಬೀದಿಯ ಕೋಳಿಗೂ ಗೊತ್ತಿರುವ ಸಂಗತಿ ಮಹದೇವುಗೆ ಹೊಳೆದದ್ದು ಮರುದಿನ. ಮೂರು ಗಂಟೆಗೆ ನೀರಿಟ್ಟು ಮೂರೂವರೆಗೆ ಬೆರಳದ್ದಿದರೆ ತಣ್ಣಗಿತ್ತು. ಬೆಳಕು ಪಾತ್ರೆ ಬಿಟ್ಟು ಎತ್ತಲೋ ಸರಿದಿತ್ತು.

ಸರೋಜಮ್ಮ ಬರುವ ಹೊತ್ತು. ನಿಜ ಹೇಳಿಬಿಡಬಹುದಿತ್ತು. ಹೇಳಿದರೆ ನಿನ್ನೆ ಅವಳು ಕೇಳಿದ ಮಾತೂ ವಾಪಸ್ ಹೋಗುತ್ತದೆಂದು ಹೆದರಿದ. ಕೆಳಗಿಳಿದು ಗ್ಯಾಸಿನ ಮೇಲೆ ನೀರು ಕಾಯಿಸಿ, ತಾರಸಿಯಿಂದ ತಂದವನ ಹಾಗೆ ಬಕೆಟ್ ತಂದಿಟ್ಟ.

ಅವಳು ಕಾಲು ಇಳಿಬಿಟ್ಟು, "ಹಿತವಾಗಿದೆ ಕಣ್ರೀ," ಎಂದಳು.

ಹೀಗೇ ಮೂರು ವಾರ ನಡೆಯಿತು. ಸಂಬಂಧದ ಮಾತೂ ಆಗಾಗ ಬರುತ್ತಿತ್ತು. ಗಂಡಿನ ಕಡೆಯವರನ್ನು ಕಾರ್ತಿಕ ಕಳೆದ ಮೇಲೆ ಕರೆಯೋಣವೆಂದು ಅವನು ಹೇಳಿದ, ಅವಳು ಹೂಂ ಎಂದಳು.

ಆಮೇಲೆ ಸೈಕ್ಲೋನ್ ಮಳೆ ಹಿಡಿಯಿತು. ಬೆಳಗಿನಿಂದ ಜಡಿ, ಸೂರ್ಯನ ಮುಖವಿಲ್ಲ. ಮಹದೇವು ಮಾಮೂಲಿನಂತೆ ಮೂರೂವರೆಗೆ ಗ್ಯಾಸ್ ಹಚ್ಚಿದ. ಸರೋಜಮ್ಮ ತೊಯ್ದ ಕೊಡೆಯನ್ನು ಬಾಗಿಲಿಗೆ ಒರಗಿಸಿ ಕೂತಳು. ಹಬೆಯಾಡುವ ಬಕೆಟ್ಟನ್ನು ಅವಳ ಮುಂದಿಟ್ಟ. ಇಟ್ಟ ಮೇಲೆ ಅವನಿಗೆ ಹೊರಗಿನ ಮಳೆಯ ಸದ್ದು ಕೇಳಿಸಿತು.

ಅವಳು ಕೊಡೆ ನೋಡಿದಳು, ಬಕೆಟ್ ನೋಡಿದಳು, ಕಾಲು ಇಳಿಬಿಟ್ಟಳು.

"ಹಿತವಾಗಿದೆ ಕಣ್ರೀ."

ಅದೇ ದನಿ. ಹಾಗಾದರೆ ಮೊದಲ ದಿನದಿಂದಲೂ ಇವಳಿಗೆ ಗೊತ್ತಿತ್ತು. ಸಂಬಂಧದ ಮಾತಿಗೆ ಹೂಂ ಎಂದದ್ದೂ ಹೀಗೆಯೇ, ಅಳುವ ಮಗುವಿನ ಕೈಗೆ ಗಿಲಕಿ ಕೊಟ್ಟ ಹಾಗೆ. ಬೈಸಿಕೊಂಡಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಮಳೆ ನಿಂತ ದಿನವೇ ಗುಜರಿಯ ಬೀರಯ್ಯನನ್ನು ಕರೆದ. ಬೀರಯ್ಯ ಡಿಶ್ಶನ್ನು ನಾಲ್ಕು ತುಂಡು ಮಾಡಿ ಇಳಿಸಿ, "ಕಂಬ ಇರ್ಲಿ ಮಾದೇವಣ್ಣ, ಬಟ್ಟೆ ಒಣಗಾಕಕ್ಕಾಯ್ತದೆ," ಎಂದ.

"ಅದೂ ತಗೊಂಡೋಗು."

ನಾಲ್ಕಕ್ಕೆ ಸರೋಜಮ್ಮ ಬಂದು ಬೋಳು ತಾರಸಿಯತ್ತ ತಲೆಯೆತ್ತಿ ನೋಡಿದಳು. ಯಾಕೆ ಮಾರಿದಿರಿ ಎಂದಾದರೂ ಕೇಳಲಿ ಎಂದು ಮಹದೇವು ಕಾದ. ಅವಳು ಒಳಗೆ ಹೋಗಿ ತಾನೇ ಗ್ಯಾಸ್ ಹಚ್ಚಿ ನೀರಿಟ್ಟಳು. ಅಷ್ಟರಲ್ಲಿ ಅವಳ ಅಣ್ಣನ ಫೋನ್ ಬಂತು.

"ಗಂಡಿನ ಕಡೆಯವ್ರು ಬರ್ಲಿ ಅಣ್ಣ, ಈ ಭಾನುವಾರವೇ ಬಂದ್ಬುಡ್ಲಿ," ಎಂದಳು. ಅತ್ತ ಕಡೆಯಿಂದ ಅಣ್ಣ ಮಹದೇವುವಿನ ಮಾತೆತ್ತಿರಬೇಕು.

"ಅವ್ರನ್ನ ಕೇಳೋದೇನಿದೆ? ಮನೇಲೇ ಇರ್ತಾರಲ್ಲ."