ಹತ್ತನೆಯ ಹೆಸರು

ಟಪ್... ಟಪ್... ಕೊನೆಯ ಲೋಕಲ್ ರೈಲು ಹೋದ ಮೇಲೆ ಆ ಸಣ್ಣ ಸದ್ದು ಕೇಳತೊಡಗಿತು. ಮೇಜಿನ ಮೇಲೆ ಪುಸ್ತಕದಡಿ ಇಟ್ಟಿದ್ದ ಅಂಚೆಕಾರ್ಡು ಅರ್ಧ ಹೊರಬಂದು ಫ್ಯಾನಿನ ಗಾಳಿಗೆ ಬಡಿದುಕೊಳ್ಳುತ್ತಿತ್ತು. ನಳಿನಾಕ್ಷಿ ಎದ್ದು ಅದನ್ನು ಒಳಕ್ಕೆ ತಳ್ಳಿದಳು. ಓದಬೇಕಾಗಿರಲಿಲ್ಲ, ಬಾಯಿಪಾಠವಾಗಿತ್ತು. ಪಾರವ್ವ ಶನಿವಾರ ಹತ್ತು ಗಂಟೆಗೆ ಠಾಣೆ ಶಹರದ ಆಸ್ಪತ್ರೆಗೆ ನರ್ಸ್ ತರಬೇತಿಯ ಸಂದರ್ಶನಕ್ಕೆ ಬರತಕ್ಕದ್ದು.

ಪಾರವ್ವನದು ವಿಠ್ಠಲವಾಡಿಯ ಹಳಿ ಪಕ್ಕದ ಜೋಪಡಿ. ಅಲ್ಲಿಗೆ ಅಂಚೆಯವನು ಹೋಗುವುದಿಲ್ಲ. ಹಾಗಾಗಿ ಅರ್ಜಿಯಲ್ಲಿ ಡೊಂಬಿವಲಿಯ ಕನ್ನಡ ಸಂಘದ ಕಾಲೇಜಿನ ವಿಳಾಸ ಕೊಟ್ಟಿದ್ದರು. ಅರ್ಜಿ ತುಂಬಿಕೊಟ್ಟವಳು ಅಲ್ಲಿ ಕನ್ನಡ ಕಲಿಸುವ ನಳಿನಾಕ್ಷಿಯೇ. ಅದು ಮೇ ತಿಂಗಳ ಮಾತು. ೧೯೭೯ರ ಈ ಜೂನಿನಲ್ಲಿ ಕನ್ನಡ ವಿಭಾಗಕ್ಕೆ ಹತ್ತು ಜನವೂ ಸಿಗಲಾರರೆಂದು ಅವಳಿಗಾಗ ತಿಳಿದಿರಲಿಲ್ಲ. ಹತ್ತಿಲ್ಲದಿದ್ದರೆ ಅನುದಾನವಿಲ್ಲ, ಅನುದಾನವಿಲ್ಲದೆ ವಿಭಾಗ ನಡೆಸಲಾಗದೆಂದು ಸಂಘ ಠರಾವು ಮಾಡಿತ್ತು. ಸೇರಿದವರು ಒಂಬತ್ತೇ ಜನ.

‘ಇನ್ನೊಂದು ತಲೆ ಮೇಡಂ! ಸ್ಟೇಷನ್ನಿಂದಾದ್ರೂ ಎಳ್ಕೊಂಡು ಬನ್ನಿ ಮಾರಾಯ್ರೆ,’ ಎಂದಿದ್ದರು ಪ್ರಿನ್ಸಿಪಾಲ್ ಪುಂಡರೀಕಾಕ್ಷರು. ‘ನಾಳೆ ಸಂಜೆ ಐದಕ್ಕೆ ಹೆಸರಿನ ಯಾದಿ ಹೋಗ್ಬೇಕು. ಇಲ್ಲಾಂದ್ರೆ ಇನ್ನು ಕನ್ನಡ ನಮ್ಮ ಬೋರ್ಡಲ್ಲಿ ಮಾತ್ರ.’

ಬೆಳಿಗ್ಗೆ ಕಾರ್ಡು ಕೊಟ್ಟುಬಿಡುತ್ತೇನೆ ಎಂದುಕೊಂಡು ನಳಿನಾಕ್ಷಿ ಮಲಗಿದಳು.

ಬೆಳಿಗ್ಗೆ ಕಾಲೇಜಿನ ಬಾಗಿಲಲ್ಲೇ ಪಾರವ್ವ ನಿಂತಿದ್ದಳು. ‘ಅಕ್ಕೋರ, ನನ್ನ ಕಾಗದ ಬಂತೇನ್ರಿ?’

ಕಾರ್ಡು ಚೀಲದಲ್ಲಿತ್ತು.

‘ಇಲ್ಲವ್ವಾ. ಇನ್ನ ಬರೂದಿಲ್ಲ ಅನಸ್ತದ. ಇಲ್ಲೇ ಹೆಸರ ಹಚ್ಚು. ಫೀ ಮಾಫಿ ಮಾಡಸ್ತೀನಿ.’

‘ಅಲ್ಲಾದ್ರ ಹಾಸ್ಟೆಲಿನಾಗ ಊಟಾನೂ ಇತ್ರಿ...’ ಪಾರವ್ವ ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿದಳು. ‘ಆಗ್ಲಿ, ನೀವು ಹೇಳಿದ್ರಂದ್ರ ಆತು.’

ಸಹಿ ಬಿತ್ತು. ಪ್ರಿನ್ಸಿಪಾಲರು ಪೇಡೆ ಹಂಚಿದರು.

ದೀಪಾವಳಿಗೆ ಮುಂಚೆ, ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ ಪಾರವ್ವನ ಅಪ್ಪನ ಸೊಂಟ ಹಿಡಿಯಿತು. ಪಾರವ್ವ ಕಾಲೇಜಿಗೆ ಬರುವುದು ನಿಂತಿತು. ಯಾದಿಯಲ್ಲಿ ಹೆಸರು ಉಳಿಯಿತು, ವಿಭಾಗವೂ ಉಳಿಯಿತು.

ಸಂಕ್ರಾಂತಿಯ ಹೊತ್ತಿಗೆ ಒಂದು ಸಂಜೆ ಕಲ್ಯಾಣದ ಪ್ಲಾಟ್‌ಫಾರ್ಮಿನಲ್ಲಿ ಯಾರೋ ನಳಿನಾಕ್ಷಿಯ ಸೆರಗು ಜಗ್ಗಿದರು. ಪಾರವ್ವ. ತಲೆಗೂದಲ ತುಂಬ ಹತ್ತಿಯ ಎಳೆ. ಭಿವಂಡಿಯ ಮಗ್ಗದ ಕಾರ್ಖಾನೆಯಲ್ಲಿ ನೂಲು ಸುತ್ತುತ್ತಾಳಂತೆ.

‘ನರ್ಸ್ ಸಾಲ್ಯಾಗ ನನ್ನಂಥ ಗಿಡ್ಡೀನ ತಗೊಳ್ಳಂಗಿಲ್ಲ ಕಾಣ್ತೈತ್ರಿ,’ ಎಂದು ನಕ್ಕಳು. ‘ನೀವರೆ ಅರ್ಜ್ಯಾಗ ಎರಡ ಇಂಚ ಹೆಚ್ಚಿಗಿ ಬರೀಬೇಕಿತ್ತು ಅಕ್ಕೋರ! ಕನ್ನಡ ಕ್ಲಾಸ್ ನಡದೈತೇನ್ರಿ?’

‘ನಡದದ.’

‘ಛಲೋ ಆತು ಬಿಡ್ರಿ.’

ನಳಿನಾಕ್ಷಿ ಚೀಲದ ಬಾಯಿ ತೆರೆದಳು. ಅಷ್ಟರಲ್ಲಿ ಪಾರವ್ವನ ಗಾಡಿ ಬಂತು; ಅವಳು ಹೆಂಗಸರ ಡಬ್ಬಿಗೆ ನುಗ್ಗಿ ಬಾಗಿಲಿನಿಂದ ಕೈಬೀಸಿದಳು. ಕಾರ್ಡು ಇನ್ನೂ ಚೀಲದ ಒಳಜೇಬಿನಲ್ಲೇ ಇತ್ತು. ಹೇಳಿದರೆ ತನ್ನ ಎದೆಯೇನೋ ಹಗುರಾದೀತು. ಆದರೆ ಅವಳಿಗೆ ಆ ಎರಡು ಇಂಚಿನ ನಗುವೂ ಇಲ್ಲವಾದೀತು. ಇದೂ ನೆವವೇ ಇರಬಹುದು. ಪಾರವ್ವನಿಗಾಗಲಿ, ಪ್ರಿನ್ಸಿಪಾಲರಿಗಾಗಲಿ, ಮನೆಯಲ್ಲಾಗಲಿ ಯಾರಿಗೂ ಹೇಳುವುದಿಲ್ಲವೆಂದು ನಿರ್ಧರಿಸಿ, ಚೀಲವನ್ನು ಕಂಕುಳಿಗೆ ಒತ್ತಿ ಹಿಡಿದು ಡೊಂಬಿವಲಿಯ ಗಾಡಿಗೆ ಸೇತುವೆ ಹತ್ತಿದಳು.