ಕೃಷ್ಣರಾಜರ ಸ್ನಾನ

ಬಕೆಟ್ಟಿಗೆ ಇನ್ನೊಂದು ಚೊಂಬು ತಣ್ಣೀರು ಸುರಿದು ಅನ್ವಿತಾ ಬೆರಳದ್ದಿ ನೋಡಿದಳು. ಬಿಸಿ ಹೆಚ್ಚಾಯಿತೇ? ಸತ್ತವರಿಗೆ ಸುಡುತ್ತದೆಯೇ? ಇಂಥದ್ದನ್ನು ಯಾರನ್ನು ಕೇಳುವುದೆಂದು ತಿಳಿಯದೆ ಮತ್ತೆ ಅರ್ಧ ಚೊಂಬು ತಣ್ಣೀರು ಬೆರೆಸಿದಳು.

ಚೆನ್ನೈ ಬಳಿಯ ತಾಂಬರಂನ ಆ ಮನೆಯ ಹಿಂಬದಿಯಲ್ಲಿ, ಬೆಂಚಿನ ಮೇಲೆ ಅಪ್ಪ ಕೃಷ್ಣರಾಜ ಮಲಗಿದ್ದರು. ಅಣು ವಿದ್ಯುತ್ ಸ್ಥಾವರದ ಕಂಟ್ರೋಲ್ ರೂಮಿನಲ್ಲಿ ಇಪ್ಪತ್ತೆಂಟು ವರ್ಷ ದುಡಿದವರು. ನಿನ್ನೆ ಸಂಜೆ ಹೃದಯ ನಿಂತಿತ್ತು. ಗಂಡುಮಕ್ಕಳಿಲ್ಲ. ಮೀಯಿಸಿ ಕೊಳ್ಳಿ ಇಡಬೇಕಾದವನು ದೊಡ್ಡಪ್ಪನ ಮಗ ರೂಪೇಶ್. ಅವನು ಕೈಗೆ ರಬ್ಬರ್ ಗ್ಲೌಸ್ ಏರಿಸಿಕೊಂಡು ದೂರ ನಿಂತಿದ್ದ.

“ಎಂತದಾ ಅದು? ನಮ್ಮ ಹೋಟೆಲಲ್ಲಿ ಪಾತ್ರೆ ತೊಳೆಯುವ ಗ್ಲೌಸಾ?” ದೊಡ್ಡಪ್ಪ ಭೋಜರಾಜ ಗದರಿದರು.

“ಚಿಕ್ಕಪ್ಪನ ಬಾಡಿಯಲ್ಲಿ ರೇಡಿಯೇಷನ್ ಇದ್ರೆ? ಸುಮ್ನೆ ನಾಲ್ಕು ಹನಿ ತೆಳಿಚ್ಚಾ ಪೋದುಂ ಪಾ, ಚಿಮುಕಿಸಿದ್ರೆ ಸಾಕು.”

“ರಿಟೈರಾಗಿ ನಾಲ್ಕು ವರ್ಷ ಆಯ್ತು ಮಾರಾಯ!”

“ಅನ್ವಿಯೇ ಹೇಳಿದ್ದು, ಚಿಕ್ಕವರಿದ್ದಾಗ. ಅವಳಪ್ಪನ್ನ ಮುಟ್ಟಿದ್ರೆ ಕೈ ಕೊಳೆತು ಹೋಗ್ತದಂತೆ. ಕೇಳಿ ಬೇಕಾದ್ರೆ.”

ಭೋಜರಾಜರ ದನಿ ಇಳಿಯಿತು. “ಹೌದಾ ಮಗಾ? ಇಡ್ಲಿ ಬೇಯಿಸುವವರಿಗೆ ಇದೆಲ್ಲ ಎಂತ ಗೊತ್ತು? ಓದಿದವಳು ನೀನು. ನಾಲ್ಕು ಹನಿ ಸಾಕಾ?”

ಹೊಸ್ತಿಲ ಮೇಲೆ ಕುಳಿತಿದ್ದ ಅಮ್ಮ ಚಂದ್ರಮತಿ ಸೆರಗಿನೊಳಗಿಂದಲೇ ಅಂದರು: “ಅವರಿಗೆ ತಲೆ ಮೇಲೆ ನಾಲ್ಕು ಚೊಂಬು ಬೀಳದಿದ್ರೆ ಮಿಂದ ಹಾಗೇ ಆಗ್ತಿರ್ಲಿಲ್ಲ.”

ಅನ್ವಿತಾ ಚೊಂಬನ್ನು ಬಕೆಟ್ಟಿನೊಳಗೆ ಬಿಟ್ಟಳು.

*

ಆಗ ಅವಳಿಗೆ ಒಂಬತ್ತು. ಊಟದ ಮೇಜಿನ ಮೇಲೆ ಸಾಸಿವೆ ಹರಡಿ ಅಪ್ಪ ಪಾಠ ಹೇಳುತ್ತಿದ್ದರು.

“ನ್ಯೂಟ್ರಾನ್ ತಾಗಿದ್ರೆ ಯುರೇನಿಯಂ ಪರಮಾಣು ಒಡೀತದೆ, ಬಿಸಿ ಬರ್ತದೆ. ಮತ್ತೆ ಎರಡು ಮೂರು ನ್ಯೂಟ್ರಾನ್ ಹಾರ್ತವೆ. ಭಾರಜಲ ಅವುಗಳ ಓಟ ಇಳಿಸ್ತದೆ. ನಿಧಾನ ಆದ್ರೇ ಇನ್ನೊಂದನ್ನು ಒಡೀಲಿಕ್ಕೆ ಸುಲಭ. ಆದ್ರೆ ಒಂದು ಒಡೆದ್ರೆ ಮುಂದೆ ಒಂದೇ ಒಡೀಬೇಕು. ಹೆಚ್ಚಾದದ್ದನ್ನು ಕಂಬಿಗಳು ನುಂಗ್ತವೆ. ಆ ಬಿಸಿಗೆ ನೀರು ಕಾಯ್ತದೆ, ಹಬೆ ಚಕ್ರ ತಿರುಗಿಸ್ತದೆ. ಅಷ್ಟೇ.”

“ಅಲ್ಲಿಯೇ ಕರೆಂಟ್ ಹೋದ್ರೆ?”

“ನಿಲ್ಲಿಸುವ ಕಂಬಿಗಳನ್ನು ಮೇಲೆ ಹಿಡಿದಿಡ್ಲಿಕ್ಕೇ ಕರೆಂಟ್ ಬೇಕು. ಹೋದ್ರೆ ತಾವೇ ಬೀಳ್ತವೆ, ಒಡೆಯೋದು ನಿಲ್ತದೆ. ಬಿಸಿ ಮಾತ್ರ ಕೂಡಲೇ ಆರೂದಿಲ್ಲ ಮಗಾ. ನಿಂತ ಮೇಲೂ ನೀರು ಹರೀತಾ ಇರ್ಬೇಕು.”

“ನಿಮ್ಮ ಕೈಗೆ ಅಂಟೂದಿಲ್ವಾ?”

“ಗೇಟಲ್ಲಿ ಮೆಷಿನ್ ಉಂಟು. ಕೈಕಾಲು ಅಳೆದು, ಸರಿ ಅಂತ ತೋರಿಸಿದ್ರೆ ಮಾತ್ರ ಮನೆಗೆ.”

ಮರುದಿನ ರೂಪೇಶ್ ಬಂದ. ಅಪ್ಪ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಬೀದಿಯ ಕೊನೆಯವರೆಗೆ ಓಡಿದರು. ಅನ್ವಿತಾ ಗೇಟು ಹಿಡಿದು ನೋಡಿದಳು. ಆಮೇಲೆ ಮಹಡಿಯ ಮೆಟ್ಟಿಲ ಮೇಲೆ ಅವನ ಕಿವಿಯಲ್ಲಿ ಆ ಕೈ ಕೊಳೆಯುವ ಮಾತು ಹೇಳಿದಳು. ಅಂದಿನಿಂದ ಅಪ್ಪ ಕೈ ಚಾಚಿದರೆ ರೂಪೇಶ್ ಓಡುತ್ತಿದ್ದ. ಅಪ್ಪ ಚಾಚಿದ ಕೈಯನ್ನು ಏನು ಮಾಡುವುದೆಂದು ತೋಚದೆ ತಲೆ ಕೆರೆದುಕೊಳ್ಳುತ್ತಿದ್ದರು. ಇದನ್ನು ಅವಳು ದಿನಚರಿಯಲ್ಲೂ ಬರೆದಿರಲಿಲ್ಲ.

*

ಹೊರಗೆ ಸ್ಮಶಾನಕ್ಕೆ ಒಯ್ಯುವ ವ್ಯಾನು ಹಾರ್ನ್ ಹಾಕಿತು.

“ಆಯ್ತು, ಹನಿ ಹಾಕಿ ಹೊರಡುವಾ,” ಎಂದರು ಭೋಜರಾಜ. ರೂಪೇಶ್ ತುಳಸಿ ಕುಡಿಯನ್ನು ನೀರಿಗದ್ದಿದ.

ಅನ್ವಿತಾ ಅವನನ್ನು ಸರಿಸಿ ಬೆಂಚಿನ ಪಕ್ಕ ಮಂಡಿಯೂರಿದಳು. ಅಪ್ಪನ ಕತ್ತಿನ ಕೆಳಗೆ ಬರಿಗೈ ತೂರಿಸಿ ತಲೆಯನ್ನು ಎತ್ತಿದಳು. ಇಷ್ಟು ಭಾರವಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ತಲೆ ಅವಳ ಎದೆಗೊರಗಿತು.

“ನಾನು ಹೇಳಿದ್ದು ಸುಳ್ಳು, ರೂಪೇಶ್. ಅಪ್ಪ ನಿನ್ನನ್ನ ಎತ್ತಿಕೊಂಡದ್ದು ನಂಗೆ ಸಹಿಸ್ಲಿಕ್ಕಾಗ್ಲಿಲ್ಲ.”