ಇಬ್ಬರು ಹದಿನೇಳನೆಯವರು

ಕಣ್ಣಾಸ್ಪತ್ರೆಯ ಮೂರನೇ ಮಹಡಿಯಲ್ಲಿ, ಸ್ಟೋರ್ ರೂಮಿನ ಪಕ್ಕ, ಅವಳ ಮೇಜು. ವೆಬ್‌ಸೈಟು, ಅಪಾಯಿಂಟ್‌ಮೆಂಟು, ಆಪರೇಷನ್ನಿಗೆ ಕಾಯುವವರ ಪಟ್ಟಿ ಎಲ್ಲವೂ ಅವಳೊಬ್ಬಳ ತಲೆಯ ಮೇಲೆ. ಕೆಲಸ ಕೊಡಿಸಿದವರು ಗಂಡನ ಅಣ್ಣ, ಆಸ್ಪತ್ರೆಯ ಆಡಳಿತಾಧಿಕಾರಿ. ಮನೆಯಲ್ಲಿ ಭಾವ, ಇಲ್ಲಿ ಸರ್. ಎರಡೂ ಕಡೆ ಅವರ ಮಾತಿಗೆ ಎದುರಾಡುವವರಿರಲಿಲ್ಲ.

ಬಸ್ ನಿಲ್ದಾಣದ ಹತ್ತಿರ ಆಸ್ಪತ್ರೆಯದೊಂದು ಸಣ್ಣ ಶಾಖೆಯಿತ್ತು. ಅಲ್ಲಿನ ಪಟ್ಟಿಯನ್ನೂ ಇಲ್ಲಿನದನ್ನೂ ಒಂದು ಮಾಡಿ ಹೊಸ ವ್ಯವಸ್ಥೆಗೆ ಹಾಕು ಎಂದು ಭಾವ ಹೇಳಿದರು. ಅವಳು ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಹತ್ತು ಸಾಲಿನ ಪ್ರೋಗ್ರಾಮು ಬರೆದಳು. ರೋಗಿಗೆ ಕೊಟ್ಟ ಕಾರ್ಡಿನ ನಂಬರೇ ಕೀ, ಅಂದರೆ ಅವರ ಗುರುತು. ಆ ಕೀಯಡಿ ಹೆಸರು, ಕಸುಬು, ಫೋನು, ಯಾವ ಕಣ್ಣು, ಸರದಿಯ ತಾರೀಖು. ಮೊದಲು ಶಾಖೆಯ ಪಟ್ಟಿ ತುಂಬಿದಳು, ಆಮೇಲೆ ಇಲ್ಲಿನದು. ಕೊನೆಗೆ ಹಳೆಯ ಎರಡೂ ಪಟ್ಟಿಗಳನ್ನು ಒಂದೊಂದಾಗಿ ಹೊಸದರ ಜೊತೆ ಹೋಲಿಸಿ, ಹೊಸದರಲ್ಲಿ ಇಲ್ಲದ ಕೀಗಳನ್ನು ತೋರಿಸು ಎಂದಳು. ಎರಡು ಸಲವೂ ಉತ್ತರ ಖಾಲಿ. ಯಾರೂ ಬಿಟ್ಟುಹೋಗಿಲ್ಲ.

ಆದರೆ ಇಲ್ಲಿ ಇನ್ನೂರ ಹನ್ನೆರಡು, ಶಾಖೆಯಲ್ಲಿ ನಲವತ್ತೊಂದು. ಹೊಸ ಪಟ್ಟಿಯಲ್ಲಿದ್ದವರು ಇನ್ನೂರ ಹನ್ನೆರಡೇ ಜನ.

“ಸರ್, ನಲವತ್ತೊಂದು ಜನ ಕಮ್ಮಿ ಬರ್ತಿದ್ದಾರೆ.”

“ಎರಡೂ ಕಡೆ ಹೆಸರು ಬರೆಸಿರ್ತಾರಮ್ಮ. ಯಾವುದಾದ್ರೂ ನಂಬರ್ ಬಿಟ್ಟೋಗಿದ್ಯಾ?”

“ನಂಬರ್ ಯಾವುದೂ ಬಿಟ್ಟಿಲ್ಲ. ಆದ್ರೆ ಈ ಹೋಲಿಕೆ ನೋಡೋದು ನಂಬರ್ ಮಾತ್ರ. ಒಳಗಿರೋ ಹೆಸರು ಅದೇನಾ ಅಂತ ನೋಡಲ್ಲ. ನಾಳೆ ಒಂದು ದಿನ ಕೊಟ್ರೆ ಒಳಗಿರೋದನ್ನೂ ಹೋಲಿಸಿಬಿಡ್ತೀನಿ.”

“ನಾಳೆ ಟ್ರಸ್ಟಿಗಳು ಬಂದು ಹೊಸ ವ್ಯವಸ್ಥೆ ಶುರು ಮಾಡೋಕೆ ಬಟನ್ ಒತ್ತುತ್ತಾರೆ. ಇಲ್ಲದ ಹುಳ ತಲೆಗೆ ಬಿಟ್ಕೋಬೇಡ.”

ಶಾಖೆಯ ಅಷ್ಟೂ ಜನ ಇಲ್ಲೂ ಹೆಸರು ಬರೆಸಿರುತ್ತಾರೆಯೇ? ಪ್ರಶ್ನೆ ನಾಲಿಗೆ ತುದಿಗೆ ಬಂತು. ನುಂಗಿಕೊಂಡಳು. ಮರುದಿನ ಟ್ರಸ್ಟಿಗಳು ಬಟನ್ ಒತ್ತಿದರು, ಚಪ್ಪಾಳೆಯಾಯಿತು, ಹಳೆಯ ಪಟ್ಟಿಗಳು ಕಪಾಟು ಸೇರಿದವು.

ಏಳು ತಿಂಗಳು ಕಳೆದ ಮೇಲೆ ಒಬ್ಬ ದರ್ಜಿ ಮೂರನೇ ಮಹಡಿ ಹತ್ತಿ ಬಂದ. ಐವತ್ತರ ಆಸುಪಾಸು, ಕುತ್ತಿಗೆಯಲ್ಲಿ ಇನ್ನೂ ಅಳತೆ ಟೇಪು. ಗೋಡೆ ತಡವಿಕೊಂಡು ಬಂದು ಕುರ್ಚಿ ಹುಡುಕಿ ಕೂತ.

“ನಿಮ್ಮ ಫೋನ್ ಬರತ್ತೆ ಅಂತ ಕಾಯ್ತಿದ್ದೆ ಅಮ್ಮ. ಶಾಖೇಲಿ ಕೇಳಿದ್ರೆ ‘ನಂಬರ್ ಇದೆ, ಸುಮ್ನಿರಿ’ ಅಂತಾರೆ. ಹದಿನೇಳು ನಂದು.”

ಹದಿನೇಳು ಎಂದು ಒತ್ತಿದಳು. ಪರದೆಯ ಮೇಲೆ ಬಂದವನು ಒಬ್ಬ ಬಸ್ ಡ್ರೈವರು. ಎಡಗಣ್ಣು. ಆಪರೇಷನ್ ಆಗಿ ಐದು ತಿಂಗಳು.

ಕಪಾಟಿನಿಂದ ಶಾಖೆಯ ಹಳೆಯ ಪಟ್ಟಿ ತೆಗೆದಳು. ಅಲ್ಲೂ ಒಂದರಿಂದಲೇ ನಂಬರು ಕೊಟ್ಟಿದ್ದರು, ಇಲ್ಲೂ ಒಂದರಿಂದಲೇ. ಶಾಖೆಯ ಹದಿನೇಳರ ಜಾಗದಲ್ಲಿ ಇಲ್ಲಿನ ಹದಿನೇಳು ಬಂದು ಕೂತಿತ್ತು, ದರ್ಜಿ ಅಳಿಸಿಹೋಗಿದ್ದ. ಹಾಗೆಯೇ ನಲವತ್ತೊಂದು ಜನರೂ. ಕೀಗಳೆಲ್ಲ ಇದ್ದಲ್ಲೇ ಇದ್ದುದರಿಂದ ಅವಳ ಹೋಲಿಕೆ ಏನನ್ನೂ ಹಿಡಿದಿರಲಿಲ್ಲ.

ಅವನ ಕೈ ಹಿಡಿದು ಡಾಕ್ಟರ ಬಳಿ ತಾನೇ ಕರೆದುಕೊಂಡು ಹೋದಳು. ಡಾಕ್ಟರು ಬಹಳ ಹೊತ್ತು ಪರೀಕ್ಷಿಸಿದರು. “ಕಣ್ಣಿನ ಒತ್ತಡ ನರಾನ ತಿಂದುಹಾಕಿದೆ. ಆರು ತಿಂಗಳ ಹಿಂದೆ ಬಂದಿದ್ರೆ ಇದ್ದಷ್ಟನ್ನಾದ್ರೂ ಉಳಿಸಬಹುದಿತ್ತು.”

“ಬಂದಿದ್ನಲ್ಲ ಸಾರ್,” ಎಂದ ದರ್ಜಿ. “ಬಂದೇ ನಂಬರ್ ತಗೊಂಡಿದ್ದು.”

ಮಧ್ಯಾಹ್ನ ಭಾವ ಅವಳನ್ನು ಕೋಣೆಗೆ ಕರೆದರು. “ಕಂಪ್ಯೂಟರ್ ದೋಷ ಅಂತ ಒಂದು ಕಾಗದ ಬರಿ. ಅದಕ್ಕೇನು ಮಾನ ಹೋಗತ್ತಾ, ಮರ್ಯಾದೆ ಹೋಗತ್ತಾ?”

“ಕಂಪ್ಯೂಟರ್ ನಾನು ಕೇಳಿದ್ದಕ್ಕೆ ಸರಿಯಾಗೇ ಉತ್ತರ ಕೊಟ್ಟಿದೆ. ನಾನು ಕಮ್ಮಿ ಕೇಳಿದೆ. ಒಂದು ದಿನ ಕೊಡಿ ಅಂದಾಗ ನೀವು ಕೊಡಲಿಲ್ಲ.”

“ನಾನಾ? ಎಲ್ಲಿ ಬರೆದಿದ್ದೀಯ ಅದನ್ನ?”

ಎಲ್ಲೂ ಬರೆದಿರಲಿಲ್ಲ. ಮನೆಯಲ್ಲಿ ಗಂಡ ತಟ್ಟೆಯಿಂದ ತಲೆಯೆತ್ತದೆ ಹೇಳಿದ: “ಅಣ್ಣನ್ನ ಬೀದಿಗೆ ಎಳೀಬೇಡ. ಕೆಲಸ ಕೊಡಿಸಿದ್ದು ಯಾರು ಅನ್ನೋದು ನೆನಪಿರ್ಲಿ.”

ಮರುದಿನ ಅವಳು ಕಾಗದ ಬರೆದಳು. ಕಂಪ್ಯೂಟರಿನ ಹೆಸರೆತ್ತಲಿಲ್ಲ, ಭಾವನ ಹೆಸರನ್ನೂ ಎತ್ತಲಿಲ್ಲ. ‘ತಪ್ಪು ನನ್ನದು’ ಎಂದು ಬರೆದು ಸಹಿ ಹಾಕಿದಳು. ಕೆಲಸ ಬಿಡುವೆನೆಂದೂ ಸೇರಿಸಿದಳು. ಭಾವ ಎರಡು ಸಲ ಓದಿ, ನಿರಾಳವಾಗಿ ಉಸಿರು ಬಿಟ್ಟು, ಫೈಲಿಗೆ ಸೇರಿಸಿಕೊಂಡರು. ತನ್ನ ಪ್ರಾಮಾಣಿಕತೆ ಅವರಿಗೆಷ್ಟು ಅನುಕೂಲವಾಯಿತೆಂದು ಅವಳಿಗೆ ಹೊಳೆದದ್ದು ಮೆಟ್ಟಿಲಿಳಿಯುವಾಗ.

ಬಿಡುವ ಮೊದಲು ಒಂದು ವಾರ ಕೂತು ಉಳಿದ ನಲವತ್ತು ಜನರಿಗೂ ಫೋನು ಮಾಡಿದಳು. ಮೂವತ್ತಾರು ಜನಕ್ಕೆ ತಾರೀಖು ಸಿಕ್ಕಿತು. ಇಬ್ಬರು ಬೇರೆ ಕಡೆ ಹೋಗಿದ್ದರು. ಇನ್ನಿಬ್ಬರು ಫೋನೇ ಎತ್ತಲಿಲ್ಲ.

ಕೊನೆಯ ದಿನ ದರ್ಜಿಯ ಅಂಗಡಿ ಹುಡುಕಿಕೊಂಡು ಹೋದಳು. ಅವನ ಹೆಂಡತಿ, ಹೊಲಿಯದೆ ಉಳಿದ ಬಟ್ಟೆಗಳನ್ನು ಗಂಟು ಕಟ್ಟಿ, ಯಾರ್ಯಾರದು ಎಂದು ಕೇಳಿ ಕೇಳಿ ಚೀಟಿ ಸಿಕ್ಕಿಸುತ್ತಿದ್ದಳು. ಅವನು ಬಟ್ಟೆ ಮುಟ್ಟಿ ನೋಡಿ ಗಿರಾಕಿಯ ಹೆಸರು ಹೇಳುತ್ತಿದ್ದ. ಒಂದೂ ತಪ್ಪಲಿಲ್ಲ.

ನಡೆದದ್ದನ್ನೆಲ್ಲ ಅವಳು ಮುಚ್ಚುಮರೆಯಿಲ್ಲದೆ ಹೇಳಿದಳು. ನಲವತ್ತೊಂದು ಕಮ್ಮಿಯಿದ್ದದ್ದು ಗೊತ್ತಿದ್ದೂ ಸುಮ್ಮನಿದ್ದೆ ಎಂದೂ ಹೇಳಿದಳು.

“ಉಳಿದೋರಿಗೆ ಡೇಟ್ ಸಿಕ್ತಾ?” ಎಂದು ಕೇಳಿದ.

“ಸುಮಾರು ಜನಕ್ಕೆ ಸಿಕ್ತು.”

“ಒಳ್ಳೇದಾಯ್ತು.” ಇನ್ನೊಂದು ಬಟ್ಟೆ ಕೈಗೆತ್ತಿಕೊಂಡ. “ನಿಮ್ಮನ್ನ ಬೈದ್ರೆ ನಿಮಗೆ ಹಗುರ ಆಗತ್ತೆ ಅಮ್ಮ. ಬೈಯಲ್ಲ. ಹೊರಡಿ.”